ಮುಖಗಳ ಲೊತೆರಿಯಾ

ಸಾಂತಾ ಕ್ರೂಸ್ ಯುಕುನೂ, ಒಹಾಕಾ
14 ಸೆಪ್ಟೆಂಬರ್ 1998

ಮಗಳೇ ಓಡಿಲಿಯಾ,

ಈ ಪತ್ರ ನಿನ್ನ ಕೈಗೇ ಸಿಕ್ಕಿದೆ ತಾನೆ? ಲಕೋಟೆ ಹರಿದಿರಲಿಲ್ಲ ತಾನೆ? ಅಂಟು ಸಾಲದು ಅನಿಸಿ ಮೇಲೆ ಇನ್ನೊಂದು ಸಲ ಜೋಳದ ಗಂಜಿ ಹಚ್ಚಿದ್ದೇನೆ. ಅದಕ್ಕೆ ದಾರಿಯಲ್ಲಿ ಇರುವೆ ಮುತ್ತಿದರೆ ಏನು ಗತಿ ಎಂದು ಈಗ ಬೇರೆ ಯೋಚನೆ ಹತ್ತಿದೆ.

ಭಾನುವಾರ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಫೋನ್ ಅಂಗಡಿಯವನು ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗಿದ ಕೂಡಲೇ ಓಡಿ ಬಂದೆ, ಏದುಸಿರು ಬಿಡುತ್ತಿದ್ದೆ. ಅಲ್ಲದೆ ಅಲ್ಲಿ ಅರ್ಧ ಊರು ಸಾಲಾಗಿ ನಿಂತಿರುತ್ತದೆ. ನಾನು ಅಲ್ಲಿ ಒಂದು ಸಲ ಕೆಮ್ಮಿದರೆ ಸಂಜೆಯೊಳಗೆ ಮೂರು ಮನೆಯಿಂದ ಕಷಾಯ ಬರುತ್ತದೆ. ಅದಕ್ಕೇ ಹೇಳುವುದಿದ್ದರೆ ಕಾಗದದಲ್ಲಿ ಹೇಳೋಣ ಎಂದದ್ದು. ಹಣ್ಣಿನ ಶೆಡ್ಡಿನಲ್ಲಿ ಕಾಗದಪತ್ರ ಇಲ್ಲವೆಂದು ನನ್ನನ್ನು ಹಿಡಿದು ಗಡಿಯಾಚೆ ಬಿಟ್ಟ ದಿನದ ವಿಷಯ ಮತ್ತೆ ಬರೆಯುವುದಿಲ್ಲ. ನೀನು ಶಾಲೆಯಿಂದ ಬರುವ ಹೊತ್ತಿಗೆ ನಾನು ಮನೆಯಲ್ಲಿರಲಿಲ್ಲ, ಅಷ್ಟೇ. ನೀನು ಅಲ್ಲೇ ಹುಟ್ಟಿದವಳು, ನಿನ್ನನ್ನು ಯಾರೂ ಅಲ್ಲಾಡಿಸುವಂತಿಲ್ಲ. ದೊಡ್ಡಮ್ಮನ ಮನೆಯಲ್ಲಿದ್ದೀಯ ಎಂಬುದೊಂದೇ ನನಗೆ ಧೈರ್ಯ. ಹೆರ್ಮಿನಿಯಾ ಅಕ್ಕನದು ಬಾಯಿ ಜೋರು, ಕೈ ಮೆತ್ತಗೆ. ಎದುರು ಮಾತಾಡಬೇಡ. ಪಕ್ಕದ ಮನೆಯ ನಾಯಿಯನ್ನು ಈಗಲಾದರೂ ಕಟ್ಟಿಹಾಕುತ್ತಾರಾ? ತಣ್ಣನೆ ಹಾಲು ಕುಡಿಯಬೇಡ.

ಈಗ ಸಮಾಚಾರ. ಹೋದ ವಾರ ಫೌಸ್ತೀನೊ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಕೋಳಿಗಳು ಶಾಲೆಯ ತರಕಾರಿ ಮಡಿ ಕೆದರಿದವೋ ಏನೋ ಎಂದು ನಾನು ಅವರು ಬಾಯಿ ಬಿಡುವ ಮೊದಲೇ ಕ್ಷಮೆ ಕೇಳಿಬಿಟ್ಟೆ. ಅದಲ್ಲವಂತೆ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕಂತೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಆಡಿನ ಹಿಂದೆ ಹೋದವಳು ಎಂದೆ. "ಸರಿಹೋಯ್ತಲ್ಲ, ಇವರೂ ಮೂರನೇ ಕ್ಲಾಸೇ" ಅಂದರು.

ಅವರ ಚಿಂತೆ ಬೇರೆ. ಹೋದ ವರ್ಷ ಇಲ್ಲಿಂದ ಗಡಿ ದಾಟಿ ಉತ್ತರಕ್ಕೆ ಹೋದ ಒಂದು ಹುಡುಗಿ ಅಲ್ಲಿನ ಕ್ಲಾಸಿನಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದೆ ಕೂತಳಂತೆ. ಅವಳಿಗೆ ಬುದ್ಧಿ ಮಂದ ಎಂದು ಬೇರೆ ಕೋಣೆಗೆ ಹಾಕಿದರಂತೆ. ಪಾಪ, ಅವಳಿಗೆ ಹೆದರಿಕೆ ಆಗಿತ್ತು ಅಷ್ಟೇ. ಹೆದರಿಕೆ ಅನ್ನುವುದಕ್ಕೆ ಅವರ ಮಾತಿನಲ್ಲಿ ಏನನ್ನುತ್ತಾರೆ ಎಂದು ಗೊತ್ತಿರಲಿಲ್ಲ. ಈ ಮಕ್ಕಳೂ ಒಂದಲ್ಲ ಒಂದು ದಿನ ಹೋಗುವವರೇ. ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಹೇಳಲಾದರೂ ಬರಲಿ ಎನ್ನುತ್ತಾರೆ ಮೇಷ್ಟ್ರು.

ಅಲ್ಲೇ ನಾನು ಸಿಕ್ಕಿಬಿದ್ದದ್ದು. ಅಷ್ಟು ವರ್ಷ ಅಲ್ಲಿದ್ದೆ, ನನಗೆ ಬರುವ ಇಂಗ್ಲಿಷೆಲ್ಲ ಕೆಲಸದ್ದು. ಬೇಗ, ಪೆಟ್ಟಿಗೆ, ಕೊಳೆತದ್ದು, ಮತ್ತೆ ತೊಳಿ, ನಾಳೆ ಬರಬೇಡ. ನಿನಗೆ ಹೇಗನಿಸುತ್ತಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಹಾಗಾಗಿ ಆ ಪದಗಳ ಅಗತ್ಯ ಬೀಳಲಿಲ್ಲ. ನೀನು ಬರೆದು ಕಳಿಸು ಮಗಳೇ. ಲೊತೆರಿಯಾ ಆಟ ಮಾಡೋಣ ಎಂದುಕೊಂಡಿದ್ದೇನೆ. ಸೂರ್ಯ, ಹುಂಜ, ಏಣಿ ಇರುವ ಚೀಟಿಗಳ ಬದಲು ಮುಖಗಳ ಚೀಟಿ. ಒಬ್ಬರು ಚೀಟಿ ಎತ್ತಿ ಕೂಗುವುದು, ತಮ್ಮ ಹಲಗೆಯಲ್ಲಿ ಆ ಮುಖ ಇದ್ದವರು ಅದರ ಇಂಗ್ಲಿಷ್ ಪದ ಹೇಳಿ ಹುರುಳಿಕಾಳು ಇಡುವುದು. ಪದದ ಜೊತೆ ಏನು ಚಿತ್ರ ಬರೆಯಬೇಕು ಎಂದೂ ಹೇಳು. ಅಳುವ ಮುಖ, ನಗುವ ಮುಖ ನನಗೆ ಬರುತ್ತದೆ. ಅವೆರಡರ ನಡುವಿನದು ಬರುವುದಿಲ್ಲ.

ಇಲ್ಲಿ ಎಲ್ಲ ಸೌಖ್ಯ. ನನ್ನ ಬಗ್ಗೆ ಏನೂ ಯೋಚಿಸಬೇಡ.

ನಿನ್ನ ಅಮ್ಮ

*

ಮದೇರಾ, ಕ್ಯಾಲಿಫೋರ್ನಿಯಾ
10 ಅಕ್ಟೋಬರ್ 1998

ಅಮ್ಮಾ,

ಲಕೋಟೆ ಹರಿದಿರಲಿಲ್ಲ. ಇರುವೆಯೂ ಇರಲಿಲ್ಲ. ನಾಯಿಯನ್ನು ಕಟ್ಟಿದ್ದಾರೆ. ನನ್ನ ಸ್ಪ್ಯಾನಿಷ್ ತಪ್ಪಿದ್ದರೆ ನಗಬೇಡ, ಇಲ್ಲಿ ಯಾರೂ ಬರೆಯಲು ಹೇಳುವುದಿಲ್ಲ.

ಟೀಚರ್ ಆದೆಯಾ? ನಾನು ನನ್ನ ಗೆಳತಿಗೆ ಹೇಳಿದೆ, ಅವಳು ನಂಬಲಿಲ್ಲ.

ಸುಲಭದ್ದು ಮೊದಲು. ಹ್ಯಾಪಿ. ಯಾರನ್ನಾದರೂ ಬರಿ, ಹಲ್ಲು ಕಾಣಿಸಿದರೆ ಸಾಕು. ಆಂಗ್ರಿ ಅಂದರೆ ಸಿಟ್ಟು, ದೊಡ್ಡಪ್ಪನ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದಾಗ ದೊಡ್ಡಪ್ಪ ಹೇಗಿರುತ್ತಾರೋ ಹಾಗೆ. ಸ್ಕೇರ್ಡ್‌ಗೆ ಕನ್ನಡಿ ನೋಡಿಕೊಂಡು ನಿನ್ನನ್ನೇ ಬರಿ ಅಮ್ಮಾ, ತಮಾಷೆಗೆ ಹೇಳಿದೆ.

ಸ್ಯಾಡ್‌ಗೆ ಕಣ್ಣೀರು ಬರಿ. ಆದರೆ ಲೋನ್ಲಿಗೆ ಕಣ್ಣೀರು ಬರೆಯಬೇಡ, ಅದು ಬೇರೆ. ಲೋನ್ಲಿಗೆ ಒಬ್ಬಳು ಹುಡುಗಿ. ಎಲ್ಲರ ಊಟ ಆದ ಮೇಲೆ ಅಡುಗೆಮನೆಯ ಸಿಂಕಿನ ಹತ್ತಿರ ನಿಂತುಕೊಂಡು ತಟ್ಟೆ ಕೈಯಲ್ಲಿ ಹಿಡಿದು ತಿನ್ನುತ್ತಿರುತ್ತಾಳೆ. ಯಾರೂ ಅವಳಿಗೆ ಬೈದಿಲ್ಲ. ಅವಳು ತಾನಾಗಿಯೇ ಆಮೇಲೆ ತಿನ್ನುತ್ತೇನೆ ಅಂದದ್ದು. ತಟ್ಟೆ ಚಿಕ್ಕದಿರಲಿ.

ಹೋಮ್‌ಸಿಕ್ ಅಂತ ಒಂದಿದೆ. ಅದು ಕಾಯಿಲೆ ಅಲ್ಲ. ಅದಕ್ಕೆ ಒಂದು ದೊಡ್ಡವರ ಸ್ವೆಟರ್ ಬರಿ. ಅದರೊಳಗೆ ಮುಖ ಇಟ್ಟುಕೊಂಡ ಹುಡುಗಿ. ಮುಖ ಕಾಣಿಸುವುದೇ ಬೇಡ, ನಿನಗೂ ಬರೆಯಲು ಸುಲಭ. ಸ್ವೆಟರ್ ಒಗೆದಿರಬಾರದು, ಆದರೆ ಅದನ್ನು ಚಿತ್ರದಲ್ಲಿ ಹೇಗೆ ತೋರಿಸುವುದೋ ಗೊತ್ತಿಲ್ಲ.

ಇವೆಲ್ಲ ನಾನು ತಲೆಯಿಂದ ಮಾಡಿದ್ದು.

ದೊಡ್ಡಮ್ಮ ಚೆನ್ನಾಗಿದ್ದಾರೆ. ಅವರ ಮಕ್ಕಳು, ಅಕ್ಕಂದಿರಿಬ್ಬರೂ ಚೆನ್ನಾಗಿದ್ದಾರೆ. ನಾನು ಹಾಲ್‌ನಲ್ಲಿ ಸೋಫಾ ಮೇಲೆ ಮಲಗುತ್ತೇನೆ, ಟೀವಿ ಎಲ್ಲರೂ ನೋಡಿ ಮುಗಿದ ಮೇಲೆ. ಸೋಫಾ ಮೆತ್ತಗಿದೆ.

ಓಡಿಲಿಯಾ

*

ಸಾಂತಾ ಕ್ರೂಸ್ ಯುಕುನೂ
3 ನವೆಂಬರ್ 1998

ಮಗಳೇ ಓಡಿಲಿಯಾ,

ನಿನ್ನ ಪತ್ರವನ್ನು ಮೇಷ್ಟ್ರಿಗೆ ಓದಿ ಹೇಳಿದೆ. ಈ ಹುಡುಗಿಯ ತಲೆ ಓಡುವ ರೀತಿ ನೋಡು ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವತ್ತು ಬಾವಿಯ ಹತ್ತಿರ ನಿಂತ ಎಲ್ಲರಿಗೂ ಹೇಳಿದೆ. ಎಲ್ಲಿಂದ ಬರುತ್ತವೆ ಮಾರಾಯ್ತಿ ನಿನಗೆ ಇಂಥ ಯೋಚನೆಗಳು? ತಟ್ಟೆ ಚಿಕ್ಕದಿರಲಿ ಅಂತೆ! ಮುಂದೆ ಕತೆ ಬರೆಯುವವಳಾಗುತ್ತೀಯೋ ಏನೋ. ಅದರಲ್ಲಿ ಹೊಟ್ಟೆ ತುಂಬುತ್ತದಾ ಎಂಬುದು ನನ್ನ ಚಿಂತೆ.

ಚೀಟಿಗಳು ತಯಾರಾದವು. ಹಳೆಯ ಸಾಬೂನಿನ ರಟ್ಟಿನ ಮೇಲೆ ಬರೆದೆ. ನನ್ನ ಸ್ಕೇರ್ಡ್ ಮುಖ ನೋಡಿ ಮಕ್ಕಳು ಒಂದೇ ಏಟಿಗೆ "ಇದು ಟೀಚರ್ರೇ" ಅಂದವು. ದೊಡ್ಡಪ್ಪನನ್ನು ಬರೆದದ್ದು ಸ್ವಲ್ಪ ಕತ್ತೆಯ ಹಾಗೆ ಬಂದಿದೆ, ಅವರಿಗೆ ಹೇಳಬೇಡ.

ಲೋನ್ಲಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಹಸಿವು ಅಂದ. ರುಫೀನಾ ಎಂಬ ಎಂಟು ವರ್ಷದವಳಿದ್ದಾಳೆ, ಮುಂದಿನ ಹಲ್ಲೆರಡೂ ಇಲ್ಲ, ಮಾತು ಮಾತ್ರ ಧಾರಾಳ. "ಏನೂ ಆಗಿಲ್ಲ ಟೀಚರ್, ಅವ್ಳಿಗೆ ಪಾತ್ರೆ ತೊಳೆಯೋ ಪಾಳಿ" ಅಂದಳು. ಎಲ್ಲ ಬಿದ್ದು ಬಿದ್ದು ನಕ್ಕವು. ನಾನೂ ನಕ್ಕೆ. ಆಮೇಲೆ ಅರ್ಥವಾಗಲಿ ಎಂದು ಹಿಂದೆ ಒಂದು ಮೇಜು ಬರೆದು ಅದರ ಸುತ್ತ ನಾಲ್ಕು ಜನರನ್ನು ಕೂರಿಸಿದೆ.

ಕೂಗಲು ಊರಿನ ಹಿರಿಯರು ದೋನ್ ಎಲಾದಿಯೊ ಬರುತ್ತಾರೆ. ನಿನಗೆ ನೆನಪಿರಲಾರದು, ನೀನು ನೋಡಿಯೇ ಇಲ್ಲ. ಸಂತರ ಹಬ್ಬದಲ್ಲಿ ಲೊತೆರಿಯಾ ಕೂಗುವುದು ಅವರೇ. ನಾನು ಮೊದಲ ದಿನ ಚೀಟಿ ಎತ್ತಿ ಸೀದಾ "ಸ್ಯಾಡ್" ಎಂದು ಕೂಗಿದ್ದಕ್ಕೆ ಮಕ್ಕಳ ಮುಂದೆಯೇ ಬೈದರು. "ಹೆಸ್ರು ಕೂಗಿಬಿಟ್ರೆ ಅದು ಆಟ ಅಲ್ಲಮ್ಮಾ, ಹಾಜರಿ" ಎಂದರು. ಚೀಟಿಯ ಹೆಸರನ್ನು ಕೂಗುವವನು ಹೇಳುವ ಹಾಗಿಲ್ಲ. ಅದರಲ್ಲಿರುವವರು ಯಾರು, ಏನು ಮಾಡುತ್ತಿದ್ದಾರೆ ಎಂದು ಹಾಡಿನ ಹಾಗೆ ಹೇಳಬೇಕು, ಕೇಳುವವರು ಗುರುತು ಹಿಡಿಯಬೇಕು. ಹುಂಜಕ್ಕೂ ಏಣಿಗೂ ಅಜ್ಜಂದಿರ ಕಾಲದ ಪದ್ಯಗಳಿವೆ, ನಮ್ಮ ಮುಖಗಳಿಗೆ ಅವರು ನಿಂತಲ್ಲೇ ಕಟ್ಟುತ್ತಾರೆ. ಸಿಟ್ಟಿನ ಚೀಟಿಗೆ ಅವರು ಕಟ್ಟಿದ್ದು ನಿನಗೆ ಬರೆಯುವಂಥದ್ದಲ್ಲ.

ನಿನ್ನೆ ಸತ್ತವರ ಹಬ್ಬಕ್ಕೆ ಅಜ್ಜಿಯ ಗೋರಿಗೆ ಚೆಂಡುಹೂ ಇಟ್ಟು ನಿನ್ನ ಹೆಸರಿನಲ್ಲೂ ಒಂದು ದೀಪ ಹಚ್ಚಿದೆ. ಹಚ್ಚಿದ ಮೇಲೆ ಬದುಕಿರುವವರ ಹೆಸರಲ್ಲಿ ಇಲ್ಲಿ ಹಚ್ಚಬಾರದೇನೋ ಎಂದು ಭಯವಾಗಿ ಆರಿಸಿದೆ. ಆರಿಸಿದ್ದು ಇನ್ನೂ ಕೆಟ್ಟದ್ದೇನೋ. ನೀನು ಹುಷಾರಾಗಿದ್ದೀಯ ತಾನೆ?

ನಾನು ಬಿಟ್ಟುಬಂದ ಆ ಬೂದು ಸ್ವೆಟರ್ ನಿನ್ನ ಹತ್ತಿರವೇ ಇದ್ದರೆ ಒಗೆದು ಹಾಕಿಕೋ. ಒಗೆಯದ ಉಣ್ಣೆಗೆ ಹುಳ ಬರುತ್ತದೆ.

ನನ್ನನ್ನು ಕೇಳಿದರೆ ಹ್ಯಾಪಿ ಚೀಟಿ ನಾನೇ. ಹಲ್ಲು ಕಾಣಿಸುತ್ತಾ ಓಡಾಡುತ್ತಿದ್ದೇನೆ.

ನಿನ್ನ ಅಮ್ಮ

*

ಮದೇರಾ
23 ನವೆಂಬರ್ 1998

ಅಮ್ಮಾ,

ಇದಕ್ಕೆ ಫೋನಿನಲ್ಲಿ ಉತ್ತರ ಹೇಳಬೇಡ. ನಿನ್ನ ಹತ್ತಿರ ಊರೆಲ್ಲ ನಿಂತಿರುತ್ತದೆ, ಇಲ್ಲಿ ದೊಡ್ಡಮ್ಮ ನಿಂತಿರುತ್ತಾರೆ. ಬರೆದೇ ಹೇಳು, ಬೇಗ.

ದೊಡ್ಡಪ್ಪನ ತಮ್ಮ ಕ್ರಿಸ್‌ಮಸ್‌ಗೆ ಊರಿಗೆ ಪಿಕಪ್ ತೆಗೆದುಕೊಂಡು ಬರುತ್ತಿದ್ದಾರೆ. ಅವರ ಹೆಂಡತಿಯೂ ಇರುತ್ತಾರೆ. ಹಿಂದಿನ ಸೀಟಿನಲ್ಲಿ ಜಾಗ ಇದೆ. ಕರೆದುಕೊಂಡು ಬರುತ್ತೇನೆ, ನಿಮ್ಮಮ್ಮ ಹೂಂ ಅನ್ನಬೇಕು ಅಂದರು. ಡಿಸೆಂಬರ್ ಇಪ್ಪತ್ತಕ್ಕೆ ಹೊರಡುವುದು.

ನಾನು ಬರಲಾ? ರಜಕ್ಕೆ ಅಂತಲ್ಲ. ಇರಲು.

ನಾನು ಜಾಸ್ತಿ ತಿನ್ನುವುದಿಲ್ಲ. ನಿನ್ನ ಮಕ್ಕಳಿಗೆ ಪದಗಳನ್ನು ಸರಿಯಾಗಿ ಹೇಳಿಕೊಡುತ್ತೇನೆ, ನಿನಗೆ ಕೆಲವು ಬರುವುದಿಲ್ಲ ಅಂತ ನನಗೆ ಗೊತ್ತು. ನಿಮ್ಮೂರಿನ ಮಿಕ್ಸ್ತೆಕ್ ಮಾತೂ ಕಲಿಯುತ್ತೇನೆ. ನೀರು ಹೊರುತ್ತೇನೆ. ಬೆನ್ನಿಗೆ ಹಾಕಿಕೊಳ್ಳುವ ಚೀಲದಲ್ಲಿ ಏನೇನು ಹಿಡಿಯುತ್ತದೆ ಅಂತ ನೋಡಿದೆ, ಎಲ್ಲ ಹಿಡಿಯುತ್ತದೆ.

ದೊಡ್ಡಮ್ಮನ ಮೇಲೆ ದೂರು ಅಲ್ಲ ಇದು. ಅವರು ಒಳ್ಳೆಯವರೇ.

ಇನ್ನೊಂದು ಪದ ಕೊಡುತ್ತೇನೆ. ಹೋಪ್‌ಫುಲ್. ಚಿತ್ರ ನೀನೇ ಯೋಚಿಸು.

ಓಡಿಲಿಯಾ

*

ಸಾಂತಾ ಕ್ರೂಸ್ ಯುಕುನೂ
7 ಡಿಸೆಂಬರ್ 1998

ಮಗಳೇ ಓಡಿಲಿಯಾ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಇದು ನಿನಗೆ ಇಪ್ಪತ್ತರೊಳಗೆ ತಲುಪಲಿ ಎಂದು ಉತ್ತರಕ್ಕೆ ಹೊರಟ ದೋನ್ ಎಲಾದಿಯೊನ ಸೋದರಳಿಯನ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ನಿಮ್ಮ ಮನೆಬಾಗಿಲಿಗೇ ತಂದು ಕೊಡುತ್ತಾನೆ. ಹೊರಗೆ ನಿಂತು ಕುದುರೆ ಹತ್ತುವವನ ಹಾಗೆ ಅವಸರ ಮಾಡುತ್ತಿದ್ದಾನೆ. ಹಾಗಾಗಿ ಅಕ್ಷರ ಓರೆಯಾಗಿದೆ.

ಬರಬೇಡ.

ಹೇಳುತ್ತೇನೆ ಕೇಳು. ಪಿಕಪ್ಪಿನಲ್ಲಿ ಅಷ್ಟು ದೂರದ ದಾರಿ, ಸಿನಲೋವಾ ದಾಟುವಾಗ ಕಳ್ಳರು ಗಾಡಿ ಅಡ್ಡಗಟ್ಟುತ್ತಾರೆ. ಆ ಮನುಷ್ಯ ಕುಡಿದು ಓಡಿಸುವುದಿಲ್ಲ ಎಂದು ಯಾರು ಹೇಳಬೇಕು? ಇಲ್ಲಿನ ನೀರು ನಿನಗೆ ಒಗ್ಗುವುದಿಲ್ಲ. ಇಲ್ಲಿನ ಶಾಲೆ ಆರನೇ ಕ್ಲಾಸಿಗೆ ಮುಗಿಯುತ್ತದೆ, ನೀನು ಅದನ್ನು ಆಗಲೇ ಮುಗಿಸಿದ್ದೀಯ. ಆಮೇಲೆ ಏನು? ಆಡು ಕಾಯುವುದು, ಹದಿನಾರಕ್ಕೆ ಮದುವೆ. ನಾನು ಓದದೆ ಏನಾದೆ ಎಂದು ನೋಡುತ್ತಿಲ್ಲವಾ? ಅಲ್ಲಿ ನಿನಗೆ ಪುಸ್ತಕ ಇದೆ, ಡಾಕ್ಟರು ಇದ್ದಾರೆ, ಹೀಟರ್ ಇದೆ. ಇಲ್ಲಿ ನಿನಗೇನಿದೆ?

ನಾನು ಒಬ್ಬಳೇ ಇದ್ದೇನೆ ಎಂದು ನೀನು ಹೀಗೆ ಕೇಳುತ್ತಿದ್ದೀಯ ಎಂದು ನನಗೆ ಗೊತ್ತು. ನಿನ್ನ ಗುಣವೇ ಹಾಗೆ. ಆ ಚಿಂತೆಯನ್ನು ತಲೆಯಿಂದ ತೆಗೆದುಬಿಡು. ನನಗೆ ಇಲ್ಲಿ ಬೇಸರ ಅನ್ನುವುದೇ ಇಲ್ಲ. ದಿನವೆಲ್ಲ ಮಕ್ಕಳು ಸುತ್ತ ಇರುತ್ತವೆ, ಟೀಚರ್ ಟೀಚರ್ ಎಂದು ಲಂಗ ಎಳೆಯುತ್ತವೆ. ಅವೇ ನನ್ನ ಮಕ್ಕಳ ಹಾಗೆ ಆಗಿವೆ. ನೀನಿಲ್ಲದೆಯೂ ನಾನು ಚೆನ್ನಾಗಿ ಇರಬಲ್ಲೆ. ಹಾಗಾಗಿ ನನಗೋಸ್ಕರ ಎಂದು ನಿನ್ನ ಬಾಳು ಕೆಡಿಸಿಕೊಳ್ಳಬೇಡ.

ಸ್ವೆಟರ್ ಹಾಕಿಕೋ. ದೊಡ್ಡಮ್ಮ ಹೇಳಿದ ಹಾಗೆ ಕೇಳು.

ಅವನು ಕೂಗುತ್ತಿದ್ದಾನೆ.

ಅಮ್ಮ

*

ಸಾಂತಾ ಕ್ರೂಸ್ ಯುಕುನೂ
18 ಜನವರಿ 1999

ಮಗಳೇ ಓಡಿಲಿಯಾ,

ನಿನ್ನ ಪತ್ರ ಇಲ್ಲ. ಅಂಚೆಯವರು ಹಬ್ಬದಲ್ಲಿ ಕೆಲಸ ಮಾಡುವುದಿಲ್ಲ ಎಂದು ಮೊದಲು ಸುಮ್ಮನಿದ್ದೆ. ಹಬ್ಬ ಮುಗಿದು ಎಷ್ಟು ದಿನವಾಯಿತು. ನನ್ನದು ನಿನಗೆ ತಲುಪಿತೋ ಇಲ್ಲವೋ? ಆ ಸೋದರಳಿಯ ಕೊಟ್ಟೆ ಎನ್ನುತ್ತಾನಂತೆ, ನಿನ್ನ ಕೈಗೇ ಕೊಟ್ಟೆ, ಬಾಗಿಲು ತೆಗೆದದ್ದು ಹುಡುಗಿಯೇ ಎನ್ನುತ್ತಾನಂತೆ. ಅವನ ಮಾತನ್ನು ಎಷ್ಟು ನಂಬುವುದು.

ಕ್ರಿಸ್‌ಮಸ್ ದಿನ ಮಾಡಿದ ಫೋನಿಗೆ ದೊಡ್ಡಮ್ಮ ನೀನು ಮಲಗಿದ್ದೀಯ ಎಂದಳು. ಮಧ್ಯಾಹ್ನದ ಹೊತ್ತು ಯಾಕೆ ಮಲಗಿದ್ದೆ? ಜ್ವರವೇನಾದರೂ ಇತ್ತಾ? ಜನವರಿ ಆರಕ್ಕೆ, ಮೂವರು ರಾಜರ ಹಬ್ಬದ ದಿನ ಮಾಡಿದಾಗ ಸ್ನಾನಕ್ಕೆ ಹೋಗಿದ್ದಾಳೆ ಎಂದಳು. ಅಂಗಡಿಯವನು ನನ್ನ ಮುಖ ನೋಡಿ ಆ ಫೋನಿಗೆ ದುಡ್ಡು ಬೇಡ ಎಂದ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ಮಕ್ಕಳು ಹದಿನಾರು ಪದ ಕಲಿತಿವೆ. ಹೋಪ್‌ಫುಲ್‌ಗೆ ನಾನಿನ್ನೂ ಚಿತ್ರ ಬರೆದಿಲ್ಲ. ಏನು ಬರೆದರೂ ಅದು ಬಸ್ಸು ಕಾಯುವವರ ಹಾಗೆ ಬರುತ್ತದೆ.

ಒಂದು ಸಾಲು ಬರಿ. ಏನೂ ಬರೆಯಲು ಇಲ್ಲದಿದ್ದರೆ ನಿನ್ನ ಹೆಸರನ್ನಾದರೂ ಬರೆದು ಕಳಿಸು.

ಅಮ್ಮ

*

ಸಾಂತಾ ಕ್ರೂಸ್ ಯುಕುನೂ
24 ಫೆಬ್ರವರಿ 1999

ಓಡಿಲಿಯಾ,

ಇವತ್ತು ಕ್ಲಾಸಿನಲ್ಲಿ ಆದದ್ದನ್ನು ಬರೆಯುತ್ತೇನೆ. ಸರಿಯಾಗಿ ಬರೆಯಲು ಬರುತ್ತದೋ ಇಲ್ಲವೋ, ಹೇಗಾದರೂ ಓದಿಕೋ.

ದೋನ್ ಎಲಾದಿಯೊನಿಗೆ ಗಂಟಲು ಕಟ್ಟಿತ್ತು. ಕೂಗುವ ಕೆಲಸ ನನಗೆ ಬಿತ್ತು. ಅವರು ಮೂಲೆಯಲ್ಲಿ ಕೂತು ಕೈಯಲ್ಲೇ ಹೆದರಿಸುತ್ತಿದ್ದರು, ಹೆಸರು ಹೇಳಬೇಡ, ಕತೆ ಹೇಳು ಎಂದು. ಮೂರು ನಾಲ್ಕು ಚೀಟಿ ಹೇಗೋ ಆಯಿತು. ಆಮೇಲೆ ಎತ್ತಿದರೆ ಸಿಂಕಿನ ಹತ್ತಿರದ ಹುಡುಗಿ ಬಂದಳು.

ಹಾಡು ಹೊಳೆಯಲಿಲ್ಲ. ಸುಮ್ಮನೆ ಇದ್ದದ್ದನ್ನು ಹೇಳತೊಡಗಿದೆ. ಎಲ್ಲರ ಊಟ ಆಯಿತು, ಇವಳು ಈಗ ತಿನ್ನುತ್ತಿದ್ದಾಳೆ, ನಿಂತುಕೊಂಡೇ ತಿನ್ನುತ್ತಿದ್ದಾಳೆ ಎಂದೆ. ರುಫೀನಾ ಬಿಡಬೇಕಲ್ಲ.

"ಅವ್ಳಿಗ್ಯಾಕೆ ಕುರ್ಚಿ ಇಲ್ಲ?"

"ಕುರ್ಚಿ ಇದೆ. ಅವಳದ್ದಲ್ಲ."

"ಯಾರ ಮನೆ ಅದು?"

"ಅವಳ ದೊಡ್ಡಮ್ಮನ ಮನೆ" ಎಂದೆ.

ಹೇಳಿದ ಮೇಲೆ ನನಗೆ ಕೇಳಿಸಿತು. ಆ ಮೇಜು ಬರೆದವಳು ನಾನೇ, ಸುತ್ತ ನಾಲ್ಕು ಜನರನ್ನು ಕೂರಿಸಿದವಳೂ ನಾನೇ. ಅಕ್ಕ, ಭಾವ, ಇಬ್ಬರು ಹುಡುಗಿಯರು. ನಾಲ್ಕು ತಿಂಗಳಿಂದ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಮಕ್ಕಳಿಗೆ ತೋರಿಸುತ್ತಿದ್ದೇನೆ.

"ಅವ್ಳ ಅಮ್ಮ ಎಲ್ಲಿ ಟೀಚರ್?" ಅಂದಳು.

ಯಾರೂ ಕಾಳು ಇಡಲಿಲ್ಲ. ನನ್ನ ಮುಖ ಹೇಗಿತ್ತೋ, ದೋನ್ ಎಲಾದಿಯೊ ಎದ್ದು ಬಂದು ಕೈಯಿಂದ ಚೀಟಿ ತೆಗೆದುಕೊಂಡು ಮಕ್ಕಳನ್ನು ಮನೆಗೆ ಕಳಿಸಿದರು. ನನಗೆ ಒಂದು ಲೋಟ ನೀರು ಕೊಟ್ಟು ಬಾಗಿಲಲ್ಲಿ ಕೂತರು.

ಸ್ವೆಟರ್ ಒಗಿ ಎಂದು ಬರೆದಿದ್ದೆ ನಾನು ನಿನಗೆ.

ಈಗ ನಿಜ ಹೇಳುತ್ತೇನೆ. ನನಗೆ ಇಲ್ಲಿ ಮನೆ ಇಲ್ಲ. ಆಗಸ್ಟಿನ ಮಳೆಗೆ ಅಜ್ಜಿಯ ಮನೆಯ ಮಾಡು ಕುಸಿಯಿತು. ಮೇಷ್ಟ್ರು ಶಾಲೆಯ ಉಗ್ರಾಣದಲ್ಲಿ ಮಲಗಲು ಬಿಟ್ಟಿದ್ದಾರೆ, ಜೋಳದ ಮೂಟೆ ಮತ್ತು ಹಳೆಯ ಬೆಂಚುಗಳ ನಡುವೆ. ನೀನು ಬರಲಾ ಎಂದು ಕೇಳಿದಾಗ ನಾನು ಮೊದಲು ನೋಡಿದ್ದು ನಿನ್ನನ್ನು ಎಲ್ಲಿ ಮಲಗಿಸಲಿ ಎಂದು. ಅದನ್ನು ಬರೆಯಲು ನಾಚಿಕೆಯಾಗಿ ಸಿನಲೋವಾ ಕಳ್ಳರನ್ನು ಬರೆದೆ. ನೀನಿಲ್ಲದೆ ಚೆನ್ನಾಗಿದ್ದೇನೆ ಎಂದರೆ ನಿನ್ನ ಮನಸ್ಸು ಹಗುರವಾಗುತ್ತದೆ ಎಂದುಕೊಂಡೆ. ನಾನು ಚೆನ್ನಾಗಿಲ್ಲ. ಈ ಮಕ್ಕಳು ನನ್ನ ಮಕ್ಕಳ ಹಾಗೆ ಅಲ್ಲ. ಸಂಜೆಯಾದರೆ ಅವರವರ ಅಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಾರೆ.

ಬಾ. ಉಗ್ರಾಣದಲ್ಲಿ ಇಬ್ಬರಿಗೆ ಜಾಗವಾಗುತ್ತದೆ, ಬೆಂಚುಗಳನ್ನು ಹೊರಗೆ ಹಾಕಿದರಾಯಿತು. ಈಸ್ಟರಿನ ಪವಿತ್ರ ವಾರಕ್ಕೆ ಊರಿಗೆ ಬರುವವರು ಬಹಳ ಜನ ಇರುತ್ತಾರೆ, ಯಾರ ಜೊತೆಯಾದರೂ ಬಾ. ಶಾಲೆಯನ್ನು ಏನಾದರೂ ಮಾಡೋಣ, ತ್ಲಾಹಿಯಾಕೊ ಪಟ್ಟಣದಲ್ಲಿ ದೊಡ್ಡ ಶಾಲೆ ಇದೆ, ಬಸ್ಸಿದೆ. ಬಾ ಮಗಳೇ.

ಅಮ್ಮ

*

ಮದೇರಾ
26 ಫೆಬ್ರವರಿ 1999

ಕ್ರಿಸ್ಪಿನಾ ಅಮ್ಮನಿಗೆ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನನಗೆ ಜ್ವರ ಬಂದಿರಲಿಲ್ಲ. ಕ್ರಿಸ್‌ಮಸ್ ದಿನ ನಿಜವಾಗಿ ಮಲಗಿದ್ದೆ.

ನಿನ್ನ ಪತ್ರ ತಲುಪಿತು. ಅವತ್ತು ಬಾಗಿಲು ಬಡಿದಾಗ ನಾನೇ ತೆಗೆದೆ. ಚೀಲ ಬಾಗಿಲ ಹತ್ತಿರವೇ ಇತ್ತು, ನೀನು ಹೂಂ ಅಂದೇ ಅನ್ನುತ್ತೀಯ ಅಂತ ಮೊದಲೇ ತುಂಬಿಸಿ ಇಟ್ಟಿದ್ದೆ. ಪತ್ರ ಓದಿ ಚೀಲ ಖಾಲಿ ಮಾಡಿದೆ. ದೊಡ್ಡಮ್ಮ ನೋಡುತ್ತಿದ್ದರು.

ನೀನು ಹೇಳಿದ್ದು ಸರಿ ಅಂತ ಆಮೇಲೆ ಅನಿಸಿತು. ನಾನು ಇಲ್ಲಿ ಯಾವಾಗಲೂ ಹೊರಡುವವಳ ಹಾಗೆ ಇದ್ದೆ. ಬಟ್ಟೆ ಕಪಾಟಿನಲ್ಲಿ ಇಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಆಮೇಲೆ ಅನ್ನುತ್ತಿದ್ದೆ. ಅವರಿಗೆ ಅದು ಹೇಗಿತ್ತು ಅಂತ ನಾನು ಯೋಚಿಸಿರಲಿಲ್ಲ. ಜನವರಿಯಲ್ಲಿ ಒಂದು ದಿನ ದೊಡ್ಡಮ್ಮ ಈರುಳ್ಳಿ ಹೆಚ್ಚುತ್ತಿದ್ದರು. ನಿಮ್ಮನ್ನು ಅಮ್ಮ ಅಂತ ಕರೆಯಲಾ ಅಂತ ಕೇಳಿದೆ. ಅವರು ಚಾಕು ಕೆಳಗಿಟ್ಟು ತುಂಬ ಹೊತ್ತು ಅತ್ತರು. "ನಾನೆಲ್ಲಿ ಕೇಳ್ಲಿ ಕಣೇ, ನಿಂಗೊಬ್ಳು ಇದಾಳಲ್ಲ" ಅಂದರು. ಆ ವಾರ ಅಕ್ಕಂದಿರ ಕೋಣೆಯಲ್ಲಿ ನನಗೂ ಒಂದು ಮಂಚ ಹಾಕಿದರು. ಈಗ ಕೂತೇ ಊಟ ಮಾಡುತ್ತೇನೆ.

ಅವರು ಮೊದಲೂ ಕೆಟ್ಟವರಾಗಿರಲಿಲ್ಲ. ನಾನು ಕಾಯುವುದನ್ನು ನಿಲ್ಲಿಸಿದ ಮೇಲೆ ಎಲ್ಲ ಸುಲಭವಾಯಿತು.

ನಿನಗೆ ಮಕ್ಕಳಿದ್ದಾರೆ, ಬೇಸರ ಇಲ್ಲ ಅಂತ ಬರೆದಿದ್ದೆಯಲ್ಲ, ಅದು ಓದಿ ನನಗೆ ಸಮಾಧಾನ ಆಯಿತು. ಇನ್ನೂ ಪದ ಬೇಕಾದರೆ ಕೇಳು. ಬೇಗ ಕಳಿಸಲು ಆಗದಿರಬಹುದು, ಹೋಮ್‌ವರ್ಕ್ ಜಾಸ್ತಿ ಇದೆ.

ಓಡಿಲಿಯಾ

*

ಮದೇರಾ
21 ಮಾರ್ಚ್ 1999

ಕ್ರಿಸ್ಪಿನಾ ಅಮ್ಮನಿಗೆ,

ನೀನು ಬಾ ಅಂತ ಬರೆದ ಪತ್ರ ಬಂತು. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಯಾರಿಗೂ ತೋರಿಸಿಲ್ಲ.

ನಾನು ಬರುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಮಾಡು ಕುಸಿದದ್ದು ಆಗಲೇ ಹೇಳಿದ್ದರೆ ನಾನು ಬೆಂಚಿನ ಮೇಲೂ ಮಲಗುತ್ತಿದ್ದೆ. ಡಿಸೆಂಬರಿನಲ್ಲಿ ನೀನು ಎಲ್ಲಿ ಮಲಗು ಅಂದರೂ ಮಲಗುತ್ತಿದ್ದೆ. ಈಗ ಬರಲು ಹೊರಟರೆ ನಾನು ಮತ್ತೆ ಮೊದಲಿನಿಂದ ಕಾಯಲು ಶುರು ಮಾಡಬೇಕು. ಪವಿತ್ರ ವಾರಕ್ಕೆ ಯಾರೂ ಸಿಗದಿದ್ದರೆ? ಅಥವಾ ನೀನು ಮತ್ತೆ ಯೋಚನೆ ಮಾಡಿ ಬೇಡ ಅಂದರೆ? ನೀನು ಯೋಚನೆ ಮಾಡುತ್ತೀಯ ಅಂತ ನನಗೆ ಗೊತ್ತು. ನನಗೆ ಅದು ಇನ್ನೊಂದು ಸಲ ಆಗುವುದಿಲ್ಲ ಅಮ್ಮಾ.

ಇಲ್ಲಿ ಈಗ ದೊಡ್ಡಮ್ಮ ನಗುತ್ತಿದ್ದಾರೆ ನನ್ನಿಂದ. ಬರುವುದಾದರೆ ನಿಮ್ಮನ್ನು ಬಿಟ್ಟು ಹೋಗುತ್ತೇನೆ ಅಂತ ಅವರಿಗೆ ನಾನೇ ಹೇಳಬೇಕು. ಹೊರಡುವವರಿಗೆ ಹೇಗಿರುತ್ತದೆ ಅಂತಲೂ ನನಗೆ ಗೊತ್ತು, ಉಳಿದವರಿಗೆ ಹೇಗಿರುತ್ತದೆ ಅಂತಲೂ ಗೊತ್ತು.

ಈ ವರ್ಷ ನನ್ನನ್ನು ಕೇಳಬೇಡ. ಮುಂದಿನ ವರ್ಷದ್ದು ಗೊತ್ತಿಲ್ಲ.

ಓಡಿಲಿಯಾ

*

ಸಾಂತಾ ಕ್ರೂಸ್ ಯುಕುನೂ
19 ಏಪ್ರಿಲ್ 1999

ಓಡಿಲಿಯಾ,

ನಿನ್ನ ಎರಡು ಪತ್ರಗಳೂ ಒಂದರ ಹಿಂದೆ ಒಂದು ಬಂದವು. ಬಾ ಎಂದು ಈ ವರ್ಷ ಕೇಳುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗಿದರು. ಹೆರ್ಮಿನಿಯಾ ಅಕ್ಕ. ಅವಳು ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ನಿನಗೆ ಎರಡು ದಿನದಿಂದ ಜ್ವರ, ಡಾಕ್ಟರ ಹತ್ತಿರ ಹೋಗಿ ಬಂದಾಯಿತು, ಹೆದರುವಂಥದ್ದೇನಿಲ್ಲ ಎಂದು ಮೊದಲೇ ಹೇಳಿದಳು. ಅವಳಿಗೆ ನನ್ನ ಸ್ವಭಾವ ಗೊತ್ತಲ್ಲ. ಔಷಧಿ ಕುಡಿಯುತ್ತೀಯಂತೆ, ಆದರೆ ಏನೂ ತಿನ್ನುತ್ತಿಲ್ಲವಂತೆ, ಏನಾಗುತ್ತಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತೀಯಂತೆ.

"ಚಿಕ್ಕೋಳಿದ್ದಾಗ ಜ್ವರ ಬಂದ್ರೆ ಏನ್ ಮಾಡ್ತಿದ್ದೆ ಕ್ರಿಸ್ಪಿ? ನಂಗೊತ್ತಾಗ್ತಿಲ್ಲ" ಅಂದಳು. ಅವಳ ದನಿ ಅಷ್ಟು ಮೆತ್ತಗೆ ನಾನು ಕೇಳಿಯೇ ಇರಲಿಲ್ಲ.

ನಾನು ಹೇಳಿದೆ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು, ಕೇಳಿಸಿಕೊಳ್ಳಲಿ ಎಂದು ಬಿಟ್ಟೆ. ನೋವಿದೆಯಾ ಎಂದು ಕೇಳಬೇಡ, ಇಲ್ಲ ಎಂದೇ ಹೇಳುತ್ತಾಳೆ. ಬೆನ್ನ ಮೇಲೆ ಕೈ ಇಟ್ಟು ಸುಮ್ಮನೆ ಕೂರು, ಸ್ವಲ್ಪ ಹೊತ್ತಿಗೆ ತಾನೇ ಹೇಳುತ್ತಾಳೆ. ಜೋಳದ ಗಂಜಿ ನೀರಾಗಿರಲಿ, ಹಾಲು ಬೇಡ, ಚಕ್ಕೆ ಹಾಕಿದರೆ ಕುಡಿಯುತ್ತಾಳೆ. ಲೋಟದಲ್ಲಿ ಕೊಡಬೇಡ, ಬಟ್ಟಲಲ್ಲಿ ಕೊಡು. ಹಣೆಗಿಂತ ಪಾದಕ್ಕೆ ಒದ್ದೆ ಬಟ್ಟೆ ಸುತ್ತಿದರೆ ಅವಳಿಗೆ ಹಿತ. ಕೂದಲು ಕತ್ತಿನಿಂದ ಮೇಲೆತ್ತಿ ಕಟ್ಟು.

"ನಿಧಾನ, ನಿಧಾನ, ಬರ್ಕೋತಿದೀನಿ" ಅಂದಳು. ಪೆನ್ಸಿಲಿನ ಸದ್ದು ನನಗೆ ಕೇಳುತ್ತಿತ್ತು.

ಆಮೇಲೆ ಅಂದಳು, "ಬೆಳಿಗ್ಗೆ ಅಮ್ಮಾ ಅಂತ ಕೂಗಿದ್ಲು ಕ್ರಿಸ್ಪಿ. ಯಾರನ್ನ ಕರೀತಿದಾಳೆ ಅಂತ ಗೊತ್ತಾಗ್ಲಿಲ್ಲ. ನಾನೇ ಹೋದೆ."

"ಒಳ್ಳೇದು ಮಾಡ್ದೆ ಅಕ್ಕ" ಎಂದೆ.

ಇನ್ನೇನಾದರೂ ಹೇಳುವುದಿದೆಯಾ ಎಂದು ಕೇಳಿದಳು. ಇಲ್ಲ, ಅಷ್ಟೇ ಎಂದೆ.

ಅಮ್ಮ